ನೇತ್ರಾಣಿಯಲ್ಲಿ ಮೊದಲ ಸ್ಕೂಬಾ

ಪ್ರಶ್ನೆ: ಈಜು ಬರಲ್ಲ, ಆದರೂ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಸಿಲಿಂಡರ್ ಗಾಳಿ ಉಸಿರಾಡುತ್ತಾ ಸಮುದ್ರದೊಳಗೆ ಇಳಿಯೋದು) ಮಾಡೋ ಆಸೆ. ಹೇಗಿರುತ್ತದೆ?
– ಓದುಗರು, ದಾವಣಗೆರೆ

ಉತ್ತರ: ಧೈರ್ಯವಾಗಿ ಹೋಗಿ, ತರಬೇತುದಾರರು ಹಿಡಿದುಕೊಂಡೇ ಇರುತ್ತಾರೆ. ನನ್ನನ್ನು ಕೇಳಿದರೆ ನೀರಿಗಿಂತ ದೋಣಿಯೇ ಜಾಸ್ತಿ ಕಾಡುತ್ತದೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ಕುಲುಕಾಟ! ಹೊಟ್ಟೆ ಬಿರಿಯೆ ಬನ್ಸ್ ತಿಂದು ಹತ್ತಬೇಡಿ.

ಮಾಸ್ಕ್ ಹಾಕಿದ ಮೇಲೆ ಮೂಗು ಬಂದ್, ಉಸಿರೆಲ್ಲ ಬಾಯಲ್ಲೇ. ಎರಡು ಮೀಟರ್ ಇಳಿಯುವಷ್ಟರಲ್ಲೇ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ, ‘ಟಕ್’ ಅಂತ ಬಿಡುತ್ತದೆ. ಬಿಡದಿದ್ದರೆ ಇನ್ನೂ ಇಳಿಯಬೇಡಿ. ಉಸಿರು ಮಾತ್ರ ಯಾವತ್ತೂ ಕಟ್ಟಬೇಡಿ. ಮೀನು ಕಂಡ ಖುಷಿಗೆ ಹೆಬ್ಬೆರಳು ಎತ್ತೀರಿ, ಜೋಕೆ! ಅಲ್ಲಿ ಅದಕ್ಕೆ ‘ಮೇಲೆ ಹೋಗೋಣ’ ಅಂತ ಅರ್ಥ.

ನೆಗಡಿಯಿದ್ದರೆ ಮುಂದಕ್ಕೆ ಹಾಕಿ. ಅಸ್ತಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.