ಮಾವ ಕೊಟ್ಟ ಕೋವಿ, ಹೆಂಡತಿ ಹೆಸರಿಗೆ ಆಗುತ್ತಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ನಮ್ಮ ಅಪ್ಪಯ್ಯ ತಮ್ಮ ಜೋಡಿ ನಳಿಗೆ ಕೋವಿನ ಅಳಿಯನಿಗೆ ಉಡುಗೊರೆ ಅಂತ ಕೊಟ್ಟಿದ್ರು, 1997ರಲ್ಲೇ ಅದು ನಮ್ಮನೆಯವರ ಲೈಸೆನ್ಸಿಗೆ ಏರಿದೆ. ಈಗ ಅವರಿಗೆ 66, ಕಣ್ಣು ಮಂಜು, ರಾತ್ರಿ ಹಂದಿ ಬಂದ್ರೆ ತೋಟಕ್ಕೆ ಓಡೋದು ನಾನೇ. ಬಾಂಡ್ ಪೇಪರಲ್ಲಿ 'ಹೆಂಡತಿಗೆ ಕೊಟ್ಟಿದ್ದೇನೆ' ಅಂತ ಬರೆಸಿದ್ರೆ ಸಾಕಲ್ವಾ? ಕೊಡಗಿನ ನನ್ನ ಗೆಳತಿ ಲೈಸೆನ್ಸೇ ಬೇಡ ಅಂತಾಳೆ.

ಉತ್ತರ: ಸಾಕಾಗಲ್ಲ ಅಕ್ಕಾ. ಬಾಂಡ್ ಪೇಪರ್ ಇದ್ರೆ ಕೋವಿ ಯಾರು ಯಾರಿಗೆ ಕೊಟ್ರು ಅನ್ನೋದಕ್ಕೆ ಒಂದು ದಾಖಲೆ ಆಗುತ್ತೆ ಅಷ್ಟೇ, ಅದನ್ನ ಇಟ್ಕೊಳ್ಳೋ ಹಕ್ಕು ಬರೋದು ಲೈಸೆನ್ಸಿಂದ, ಆ ಲೈಸೆನ್ಸ್ ಇರೋದು ಮನೆಗಲ್ಲ, ಒಬ್ಬ ವ್ಯಕ್ತಿಗೆ. ಚಿನ್ನದ ಸರ ಗಂಡನ ಕೈಯಿಂದ ಹೆಂಡತಿ ಕೊರಳಿಗೆ ಬಂದ್ರೆ ಯಾರೂ ಕೇಳಲ್ಲ, ಕೋವಿ ವಿಷಯದಲ್ಲಿ ಹಾಗಲ್ಲ. ಲೈಸೆನ್ಸ್ ಇಲ್ಲದೆ ಇಟ್ಕೊಂಡ್ರೆ, ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ್ಮೇಲೆ 2 ವರ್ಷದಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಹೀಗೆ ಕೊಟ್ಟಿದ್ದಕ್ಕೆ ನಿಮ್ಮ ಯಜಮಾನ್ರ ಮೇಲೂ ಕೇಸ್ ಆಗಬಹುದು.

ಆದ್ರೆ ನಿಮಗೆ ದಾರಿ ಇದೆ, ಒಳ್ಳೇ ದಾರೀನೇ ಇದೆ. 2016ರ ಆಯುಧ ನಿಯಮದ 25ನೇ ನಿಯಮದಲ್ಲಿ, ಲೈಸೆನ್ಸ್ ಇರೋರು ತೀರ್ಕೊಂಡ ಮೇಲೆ ಮಾತ್ರ ಅಲ್ಲ, ಅವರಿಗೆ 70 ತುಂಬಿದ್ರೆ ಇಲ್ಲಾ ಕೋವಿ ಅವರ ಹತ್ರ 25 ವರ್ಷ ಇದ್ದಿದ್ರೆ, ಯಾವ್ದು ಮೊದ್ಲೋ ಆಗ, ವಾರಸುದಾರರು ಅದಕ್ಕೆ ಲೈಸೆನ್ಸ್ ಕೇಳಬಹುದು, ವಾರಸುದಾರರಲ್ಲಿ ಹೆಂಡತಿನೂ ಸೇರ್ತಾಳೆ. 1997ರಿಂದ ಲೆಕ್ಕ ಹಾಕಿ, 25 ಯಾವತ್ತೋ ದಾಟಿದೆ.

ಹಾಗಾಗಿ ಮೊದ್ಲು ನಿಮ್ಮ ಹೆಸರಲ್ಲಿ ಡಿಸಿ ಆಫೀಸಿಗೆ ಹೊಸ ಲೈಸೆನ್ಸ್ ಅರ್ಜಿ ಹಾಕಿ. ಕೋವಿ ಸುರಕ್ಷಿತವಾಗಿ ಹಿಡಿಯೋ ತರಬೇತಿ ಸರ್ಟಿಫಿಕೇಟು, ಡಾಕ್ಟ್ರ ಸರ್ಟಿಫಿಕೇಟು ಕೇಳ್ತಾರೆ, ಪೊಲೀಸ್ ವೆರಿಫಿಕೇಷನ್ ನಡೆಯುತ್ತೆ. ಯಜಮಾನ್ರ ಒಪ್ಪಿಗೆ ಪತ್ರ, ಮಕ್ಕಳಿದ್ರೆ ಅವರದ್ದೂ, ಮೊದ್ಲೇ ಬರೆಸಿಟ್ಕೊಳ್ಳಿ. ಕೋವಿ ಕೊಡೋ ವಿಷಯಾನ ಯಜಮಾನ್ರು ಡಿಸಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಬೇಕು, ತಿಳಿಸಿ 45 ದಿನ ಕಳೀಬೇಕು, ಇದು ಆಯುಧ ಕಾಯ್ದೆಯ 5ನೇ ಸೆಕ್ಷನ್. ಆ ಪತ್ರದ ಕಾಪಿ ಮೇಲೆ ಸೀಲ್ ಹಾಕಿಸ್ಕೊಂಡೇ ಬನ್ನಿ. ಕೊನೆಗೆ ಅವರ ಲೈಸೆನ್ಸಿಂದ ಕೋವಿ ತೆಗೆದು ನಿಮ್ಮದಕ್ಕೆ ಏರಿಸಬೇಕು, ಎರಡೂ ಪುಸ್ತಕದಲ್ಲಿ ಆಗಿದೆಯಾ ಅಂತ ನೀವೇ ಕಣ್ಣಾರೆ ನೋಡಿ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ದೊಡ್ಡಪ್ಪ ತೀರ್ಕೊಂಡಾಗ ಅವರ ಕೋವಿನ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ವಿ, ಯಾರಿಗೂ ಸ್ಟೇಷನ್ನಿಗೆ ಒಪ್ಪಿಸಬೇಕು ಅಂತ ಹೊಳೀಲಿಲ್ಲ. ಚುನಾವಣೆ ಬಂತು, ಎಲ್ಲರೂ ಕೋವಿ ತಂದು ಡೆಪಾಸಿಟ್ ಮಾಡಿ ಅಂದಾಗ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಹಾಗೇ ಇತ್ತು. ಅರವತ್ತು ದಾಟಿದ ದೊಡ್ಡಮ್ಮ ಡೆತ್ ಸರ್ಟಿಫಿಕೇಟ್ ಹಿಡ್ಕೊಂಡು ಠಾಣೆ ಬೆಂಚಿನ ಮೇಲೆ ದಿನವಿಡೀ ಕೂತಿದ್ದು ನನಗೆ ಇವತ್ತಿಗೂ ಸಂಕಟ. ಯಜಮಾನ್ರು ಗಟ್ಟಿಯಾಗಿರುವಾಗಲೇ ನೀವು ಕೇಳಿದ್ದು ಬಹಳ ಒಳ್ಳೇದಾಯ್ತು.

ಗೆಳತಿ ಹೇಳಿದ್ದು ಅವರ ಊರಿನ ಮಟ್ಟಿಗೆ ನಿಜ. ಕೊಡವರಿಗೂ, ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ, ಹೈಕೋರ್ಟೂ 2021ರಲ್ಲಿ ಎತ್ತಿಹಿಡೀತು. ಆಯುಧಗಳ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಜನ ಅವರು. ಆ ವಿನಾಯಿತಿ ತೀರ್ಥಹಳ್ಳಿಯ ನಿಮ್ಮ ತೋಟಕ್ಕೆ ಅನ್ವಯಿಸಲ್ಲ.

ಇನ್ನೊಂದು, ಲೈಸೆನ್ಸ್ ಸಿಕ್ಕಿದ ತಕ್ಷಣ ಹಂದಿ ಹೊಡೀಬಹುದು ಅಂತ ಅಲ್ಲ, ಅದು 1972ರ ವನ್ಯಜೀವಿ ಕಾಯ್ದೆ ವಿಷಯ, ಅರಣ್ಯ ಇಲಾಖೆ ಹತ್ರ ಬೇರೆ ಕೇಳಬೇಕು.

ಲೈಸೆನ್ಸ್ ಕೈಗೆ ಬರೋವರೆಗೂ ರಾತ್ರಿ ಒಬ್ರೇ ಕೋವಿ ಹಿಡ್ಕೊಂಡು ತೋಟಕ್ಕೆ ಇಳೀಬೇಡಿ. ಯಜಮಾನ್ರು ಜೊತೆಗಿದ್ದು, ಅವರ ಬಳಕೆಗೆ ಅಂತ ನೀವು ಹೊತ್ಕೊಂಡು ಹೋಗೋದಕ್ಕೆ ಮಾತ್ರ ಕಾನೂನಲ್ಲಿ ಜಾಗ ಇದೆ. ಇವತ್ತೇ ಕೋವಿ ಇಳಿಸಿ, ಗ್ರೀಸ್ ಒರೆಸಿ, ನಳಿಗೆ ಬುಡದಲ್ಲಿ ಕೊರೆದಿರೋ ನಂಬರನ್ನ ಲೈಸೆನ್ಸ್ ಪುಸ್ತಕದ ಜೊತೆ ಹೋಲಿಸಿ ನೋಡಿ, ಒಂದು ಅಂಕಿ ಹೆಚ್ಚುಕಮ್ಮಿ ಇದ್ರೂ ಅರ್ಜಿ ಹಾಕೋ ಮೊದ್ಲೇ ಸರಿ ಮಾಡಿಸಿ.