ಕ್ಲಾಂಪ್ ಬಿಗಿದರೆ ಬಾಗಿದ ಹಲಗೆ ನೆಟ್ಟಗಾಗುವುದಿಲ್ಲ

ನಮ್ಮ ಮರಗೆಲಸದ ಗುಂಪಿನಲ್ಲಿ ಬದಿಯಡ್ಕದ ಅಣ್ಣ ಹಾಕಿದ ಫೋಟೋ ನೋಡಿದೆ. ಮೇಜಿನ ಮೇಲ್ಭಾಗಕ್ಕೆ ಅಂಚಿಗೆ ಅಂಚು ಅಂಟಿಸಲು ಇಟ್ಟ ಹನ್ನೊಂದು ಇಂಚು ಅಗಲದ ಮೂರು ಹಲಸಿನ ಹಲಗೆ, ಮೂರೂ ದೋಣಿಯ ಹಾಗೆ ಬಾಗಿವೆ. ಮೇಲೆ ಮುರಕಲ್ಲು ಹೇರಿದ್ದೀರಿ. "ಇನ್ನೆರಡು ಕ್ಲಾಂಪ್ ತಂದು ಗಟ್ಟಿ ಬಿಗಿದರೆ ಸಾಕಲ್ವಾ?" ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ಮಾರಾಯ್ರೇ. ಸದ್ಯ ಅಂಟಿನ ಡಬ್ಬ ತೆರೆಯಬೇಡಿ. ಇದೇ ಕೆಲಸ ನಾನೂ ಮಾಡಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತಿರುಪು ಬಿಗಿದು ಒತ್ತಿ ಹಿಡಿಯುವ ಈ ಕ್ಲಾಂಪ್ ಇರುವುದು ಎರಡು ಹಲಗೆಯ ಅಂಚು ಕೂಡುವ ಜಾಯಿಂಟ್ ಮುಚ್ಚಲಿಕ್ಕೆ, ಬಾಗು ತೆಗೆಯಲಿಕ್ಕಲ್ಲ. ಒತ್ತಿ ಹಿಡಿದು ಅಂಟಿಸಿದ ಹಲಗೆ ಆ ದಿನ ಚೆಂದ ಕಾಣುತ್ತದೆ, ಆದರೆ ಒಳಗಿಂದ ಎಳೆಯುತ್ತಲೇ ಇರುತ್ತದೆ. ಫೆವಿಕಾಲಿನಂಥ ಬಿಳಿ ಅಂಟಿಗೆ ಸದಾ ಎಳೆತ ಇದ್ದರೆ ನಿಧಾನವಾಗಿ ಜಾರುತ್ತದೆ. ನನ್ನ ಊಟದ ಮೇಜು ಅಂಟಿಸಿದ್ದು ಆಟಿ ತಿಂಗಳ ಮಳೆಯಲ್ಲಿ. ಮಳೆ ಬಿಟ್ಟು ಒಣ ಗಾಳಿ ಶುರುವಾದದ್ದೇ ತಡ, ತುದಿಯಲ್ಲಿ ಜಾಯಿಂಟ್ ಬಾಯಿ ಬಿಟ್ಟಿತು. ಮೊದಲು ಉಗುರು ಹೋಗುವಷ್ಟು, ಮಾರ್ಚ್ ಹೊತ್ತಿಗೆ ರೂಪಾಯಿ ನಾಣ್ಯ ನಿಲ್ಲುವಷ್ಟು. ಹಲಸಿನ ಹಳದಿ ಹೊಟ್ಟಿಗೆ ಅಂಟು ಕಲಸಿ ತುಂಬಿಸಿದೆ. ಮುಂದಿನ ಮಳೆಗೆ ಮರ ಉಬ್ಬಿತು, ತುಂಬಿಸಿದ್ದೆಲ್ಲ ಗೆರೆಯಾಗಿ ಮೇಲೆದ್ದಿತು. ಒರೆಸುವ ಬಟ್ಟೆ ಪ್ರತಿ ಸಲ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ಎಲ್ಲ ಜಾಯಿಂಟನ್ನೂ ಸೀಳಿಸಿ ಹೊಸದಾಗಿ ಮಾಡಿದೆ.

ಮೊದಲು ಆ ಕಲ್ಲು ಇಳಿಸಿ. ಹಲಗೆ ಸಿಮೆಂಟ್ ನೆಲದಲ್ಲಿ ಮಲಗಿತ್ತಾ, ಒಂದೇ ಮುಖಕ್ಕೆ ಬಿಸಿಲು ಬಿತ್ತಾ? ಹಾಗಿದ್ದರೆ ತಗ್ಗಾದ ಮುಖವೇ ಜಾಸ್ತಿ ಒಣಗಿದ್ದು. ಆ ಮುಖ ಕೆಳಗೆ ಮಾಡಿ ಹುಲ್ಲಿನ ಮೇಲೆ ಕವುಚಿ ಹಾಕಿ, ಉಬ್ಬಿದ ಬೆನ್ನಿಗೆ ಎಳೆ ಬಿಸಿಲು ಬೀಳಲಿ. ಗಂಟೆಗೊಮ್ಮೆ ನೋಡುತ್ತಿರಿ, ಮರೆತರೆ ಇನ್ನೊಂದು ಕಡೆಗೆ ಬಾಗುತ್ತದೆ. ಹೀಗೆ ತುಂಬಾ ಹಲಗೆ ದಾರಿಗೆ ಬರುತ್ತವೆ. ಬರದಿದ್ದರೆ ಬಾಗು ಮರದ ಸುತ್ತುಗೆರೆಯದ್ದು, ಅಂದರೆ ಹಲಗೆಯ ತುದಿಯಲ್ಲಿ ಬಳೆಯ ಹಾಗೆ ಕಾಣುವ ಗೆರೆಗಳದ್ದು. ಈ ಗೆರೆ ಸುತ್ತುವ ದಿಕ್ಕಿಗೆ ಮರ ಕುಗ್ಗುವುದು ಗೆರೆಗೆ ಅಡ್ಡಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ತೊಗಟೆ ಕಡೆಯ ಮುಖ ತಗ್ಗಾಗುತ್ತದೆ. ಇದಕ್ಕೆ ಬಿಸಿಲೂ ಇಲ್ಲ, ಕಲ್ಲೂ ಇಲ್ಲ. ಸೀಳಲೇಬೇಕು.

ಅಗಲದ ಹಲಗೆ ಸೀಳಲು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಲೆಕ್ಕ ನೋಡಿ: ನಿಮ್ಮ ಹಲಗೆಯಲ್ಲಿ ಕಾಲು ಇಂಚು ಬಾಗು ಇದ್ದರೆ, ಮಧ್ಯಕ್ಕೆ ಸೀಳಿದ ಒಂದೊಂದು ತುಂಡಿನಲ್ಲಿ ಉಳಿಯುವುದು ಅದರ ಕಾಲು ಭಾಗ ಮಾತ್ರ. ಅಷ್ಟನ್ನು ಕೀಸುಳಿ ತೆಗೆಯುತ್ತದೆ, ದಪ್ಪ ಉಳಿಯುತ್ತದೆ. ಬಾಗಿದ ಹಲಗೆ ಟೇಬಲ್ ಸಾದಲ್ಲಿ ಅಲುಗಿ ಬ್ಲೇಡ್ ಕಚ್ಚಿದರೆ ಹಿಂದಕ್ಕೆ ಎಸೆಯುತ್ತದೆ. ಮಿಲ್ಲಿನ ಬ್ಯಾಂಡ್ ಸಾದಲ್ಲೇ ಸೀಳಿಸಿ. ಮಿಲ್ಲಿನವರು "ಪ್ಲೇನರಿಗೆ ಹಾಕಿ ಕೊಡುತ್ತೇವೆ" ಅಂದರೆ ಕೂಡಲೇ ಹೂಂ ಅನ್ನಬೇಡಿ. ಅದರ ರೋಲರ್ ಹಲಗೆಯನ್ನು ಒತ್ತಿ ಚಪ್ಪಟೆ ಮಾಡಿ ಕೀಸುತ್ತದೆ, ಹೊರಗೆ ಬಂದ ಕೂಡಲೇ ಪುನಃ ಬಾಗು. ಮೊದಲು ಒಂದು ಮುಖವನ್ನು ಕೈಯಲ್ಲಿ, ಅಡ್ಡಕ್ಕೆ ಕೀಸಿ ಸಮ ಮಾಡಿ, ಮತ್ತೆ ಮಷೀನು. ತಿರುಚಿಕೊಂಡ ಹಲಗೆಗೂ ಇದೇ ಮದ್ದು. ಉದ್ದಕ್ಕೆ ಸ್ವಲ್ಪ ಬಾಗಿದ್ದನ್ನು ಮಾತ್ರ ಕ್ಲಾಂಪಿನಲ್ಲಿ ಎಳೆದು ತರಬಹುದು, ಅದೂ ಹಲಗೆ ತೆಳು ಇದ್ದರೆ. ಕೀಸಿದ ಮೇಲೆ ಎರಡೂ ಮುಖಕ್ಕೆ ಗಾಳಿ ಆಡುವ ಹಾಗೆ ನಡುವೆ ರೀಪು (ಮರದ ಪಟ್ಟಿ) ಕೊಟ್ಟು ಕೆಲವು ದಿನ ಇಡಿ. ಅವಸರ ಮಾಡಿದರೆ ನಿಮ್ಮ ಕರ್ಮ.

ಅಂಚು ಕೀಸುವಾಗ ಜೋಡಿ ಹಲಗೆ ಎರಡನ್ನೂ ಪುಸ್ತಕ ಮುಚ್ಚಿದ ಹಾಗೆ ಮಡಚಿ, ವೈಸಿನಲ್ಲಿ ಹಿಡಿದು ಒಟ್ಟಿಗೇ ಕೀಸಿ. ಕೀಸುಳಿ ಸ್ವಲ್ಪ ಓರೆಯಾದರೂ ಬಿಡಿಸಿ ಕೂಡಿಸಿದಾಗ ಒಂದರ ಓರೆ ಇನ್ನೊಂದಕ್ಕೆ ಸರಿಹೋಗುತ್ತದೆ. ಮೇಲಿನ ಮುಖಕ್ಕೆ ಪೆನ್ಸಿಲ್ ಗುರುತು ಹಾಕದೆ ಶುರು ಮಾಡಬೇಡಿ. ಪಕ್ಕಪಕ್ಕದ ಹಲಗೆಗಳ ತಿರುಳಿನ ಕಡೆಯ ಮುಖ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇಡಬೇಕಾ ಅಂತ ಇಲ್ಲಿ ಯಾವಾಗಲೂ ಜಗಳ. ನಾಲ್ಕೈದು ಇಂಚಿನ ಪಟ್ಟಿಯಾದರೆ ನಾನು ಅದನ್ನು ನೋಡುವುದೇ ಇಲ್ಲ, ಬಣ್ಣ ಹೊಂದಿದರೆ ಸಾಕು.

ಅಂಟಿಸುವಾಗ ಒಂದು ಸಲಕ್ಕೆ ಒಂದೇ ಜಾಯಿಂಟ್. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಕೈಯಲ್ಲಿ ಒತ್ತಿದರೆ ಮುಚ್ಚದ ಜಾಯಿಂಟನ್ನು ಪುನಃ ಕೀಸಿ. ಕ್ಲಾಂಪ್ ಒಂದು ಮೇಲಿಂದ, ಒಂದು ಕೆಳಗಿಂದ. ಎಲ್ಲ ಒಂದೇ ಕಡೆ ಹಾಕಿದರೆ ನೆಟ್ಟಗಿದ್ದ ಹಲಗೆಯನ್ನೂ ನೀವೇ ಬಗ್ಗಿಸುತ್ತೀರಿ. ಅಡ್ಡಕ್ಕೆ ಮೇಲೆ ಕೆಳಗೆ ಎರಡಿಂಚಿನ ರೀಪು ಕೊಟ್ಟು ತುದಿಗಳಲ್ಲಿ ಸಿ ಕ್ಲಾಂಪ್ ಹಾಕಿ. ಹಲಗೆಗೆ ತಾಗುವ ಬದಿಯಲ್ಲಿ ರೀಪಿನ ಮಧ್ಯ ಒಂದು ಕೂದಲು ಉಬ್ಬಿರಲಿ, ಆಗ ನಡುವಿಗೂ ಒತ್ತಡ ಸಿಗುತ್ತದೆ. ಅಂಟು ಹಿಡಿಯದಂತೆ ರೀಪಿಗೆ ಕಂದು ಪ್ಯಾಕಿಂಗ್ ಟೇಪ್ ಸುತ್ತಿ. ಪೈಪ್ ಕ್ಲಾಂಪಿನ ಕಬ್ಬಿಣ ಒದ್ದೆ ಅಂಟಿಗೆ ತಾಗಿದರೆ ಅಕೇಶಿಯಾ, ತೇಗಕ್ಕೆಲ್ಲ ಕಪ್ಪು ಕಲೆ ಗ್ಯಾರಂಟಿ. ನಡುವೆ ಪ್ಲಾಸ್ಟಿಕ್ ಇಡಿ.

ಬ್ರ್ಯಾಂಡ್ ಕೇಳಿದ್ದಿರಿ. ಒಳಗಿನ ಮೇಜಿಗೆ ಫೆವಿಕಾಲ್ ಎಸ್‌ಎಚ್ ಸಾಕು. ಜಗಲಿಯಲ್ಲಿ ಇರಿಚಲು ಬೀಳುವುದಾದರೆ ಫೆವಿಕಾಲ್ ಮರೀನ್. ಬೆಸ್ಸಿ ಕಂಪನಿಯ ಕ್ಲಾಂಪ್ ಒಳ್ಳೆಯದೇ, ಆದರೆ ಆ ಹಣಕ್ಕೆ ಮುಕ್ಕಾಲು ಇಂಚಿನ ಜಿಐ ಪೈಪಿಗೆ ಹಾಕುವ ಕ್ಲಾಂಪ್ ತಲೆ ಎಷ್ಟೋ ಬರುತ್ತವೆ. ಸುಮ್ನೆ ಶೋಕಿ ಬೇಡ. ಅಂಟಿಸಿದ ಮರುದಿನವೇ ಸ್ಯಾಂಡ್ ಪೇಪರ್ ಹಿಡಿಯಬೇಡಿ. ಅಂಟಿನ ನೀರಿಗೆ ಉಬ್ಬಿದ ಜಾಗ ಉಜ್ಜಿ ಹೋಗಿ, ಒಣಗಿದ ಮೇಲೆ ಅಲ್ಲಿ ತಗ್ಗು ಗೆರೆ ಕಾಣುತ್ತದೆ.

ಇನ್ನೊಂದು. ಮೂರಡಿ ಅಗಲದ ಮೇಜು ನಮ್ಮ ಮಳೆಗಾಲದಿಂದ ಬೇಸಿಗೆಗೆ ಕಾಲು ಇಂಚು ಆಚೀಚೆ ಆಗುವುದು ದೊಡ್ಡ ಸಂಗತಿಯಲ್ಲ. ಹಾಗಾಗಿ ಕೆಳಗಿನ ಫ್ರೇಮಿಗೆ ಅಂಟು ಹಾಕಬೇಡಿ. ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ ವಾಷರ್ ಕೊಡಿ. ಪಾಲಿಶ್ ಅಡಿಭಾಗಕ್ಕೂ ಮೇಲಿನಷ್ಟೇ ಕೋಟ್.

ಹಲಗೆಯ ತುದಿ ಕಾಣುವ ಫೋಟೋ ಒಂದು ಹಾಕಿ, ಸುತ್ತುಗೆರೆ ನೋಡಿ ಎಲ್ಲಿ ಸೀಳಬೇಕು ಅಂತ ಗುರುತು ಮಾಡಿ ಕಳಿಸುತ್ತೇನೆ.