ಲೇಸಿಕ್‌ಗೆ ಮುಂಚಿನ ಕಣ್ಣಿನ ತಪಾಸಣೆಗೆ ಏನು ತಯಾರಿ ಬೇಕು?

ನೀವು ಗೋಣಿಕೊಪ್ಪದವರು, ವಯಸ್ಸು 23, ಎರಡೂ ಕಣ್ಣಿಗೆ ಪವರ್ ಮೈನಸ್ 5.5, ದಿನಾ ಸಾಫ್ಟ್ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಿ. ಮುಂದಿನ ಸೋಮವಾರ ಮೈಸೂರಿನಲ್ಲಿ ಲೇಸಿಕ್‌ಗೆ, ಅಂದರೆ ಲೇಸರಿನಿಂದ ಕಣ್ಣಿನ ಪವರ್ ಸರಿಪಡಿಸುವ ಆಪರೇಷನ್ನಿಗೆ, ಮುಂಚಿನ ತಪಾಸಣೆ; ಬೈಕಿನಲ್ಲಿ ಒಬ್ಬನೇ ಹೋಗಿಬರಬಹುದಾ ಎಂದು ಕೇಳಿದ್ದೀರಿ. ನಾನು ವಿರಾಜಪೇಟೆಯವಳು, ಇದೇ ತಪಾಸಣೆ ಮಾಡಿಸಿಕೊಂಡಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಲೆನ್ಸ್ ವಿಚಾರ. ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ, ತಪಾಸಣೆಗೆ ಎಷ್ಟು ದಿನ ಮುಂಚೆ ಲೆನ್ಸ್ ಬಿಡಬೇಕು ಎಂದು ಕೇಳಿ. ಸಾಮಾನ್ಯವಾಗಿ ಸಾಫ್ಟ್ ಲೆನ್ಸಿಗೆ 1ರಿಂದ 2 ವಾರ, ಗಟ್ಟಿ ಲೆನ್ಸಿಗೆ 3–4 ವಾರ ಅಥವಾ ಇನ್ನೂ ಹೆಚ್ಚು ಹೇಳುತ್ತಾರೆ. ಬಿಗಿಯಾಗಿ ವಾಚು ಕಟ್ಟಿದ ಗುರುತು ಕೈಮೇಲೆ ಉಳಿಯುವ ಹಾಗೆ, ಲೆನ್ಸ್ ಕೂತ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಆಕಾರವೂ ಒಂದಿಷ್ಟು ಬದಲಾಗಿರುತ್ತದೆ. ಅದು ಸರಿಹೋಗುವ ಮೊದಲೇ ಅಳೆದರೆ ಅಳತೆ ತಪ್ಪುತ್ತದೆ, ಮುಂದೆ ಲೇಸರ್ ಕೆಲಸ ಮಾಡುವುದು ಅದೇ ಅಳತೆಯ ಮೇಲೆ. ದಿನ ಸಾಲದಿದ್ದರೆ ತಪಾಸಣೆಯನ್ನೇ ಮುಂದಕ್ಕೆ ಹಾಕಿಸಿಕೊಳ್ಳಿ. ನಮ್ಮ ಕೊಡಗಿನ ಮಂಜು-ಮಳೆಯಲ್ಲಿ ಕನ್ನಡಕ ಹಾಕಿಕೊಂಡು ಓಡಾಡುವುದು ಎಷ್ಟು ಕಿರಿಕಿರಿ ಎಂದು ನನಗೂ ಗೊತ್ತು, ಆದರೂ ಅಷ್ಟು ದಿನ ತಡೆದುಕೊಳ್ಳಿ.

ಬೈಕ್ ಖಂಡಿತ ಬೇಡ. ಕಣ್ಣಿನ ಹಿಂಭಾಗದ ಅಕ್ಷಿಪಟಲ (ರೆಟಿನಾ) ನೋಡಲು ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುತ್ತಾರೆ. ಆಮೇಲೆ ಕೆಲವು ಗಂಟೆ, ಕೆಲವರಿಗೆ ಮರುದಿನದವರೆಗೂ, ಹತ್ತಿರದ್ದು ಮಸುಕು, ಬೆಳಕು ಕಣ್ಣಿಗೆ ಚುಚ್ಚುತ್ತದೆ. ಆ ಕಣ್ಣಿಟ್ಟುಕೊಂಡು ಸಂಜೆ ಹೊತ್ತು ಆನೆಚೌಕೂರು, ತಿತಿಮತಿ ಕಾಡಿನ ರಸ್ತೆಯಲ್ಲಿ ಬರುವುದನ್ನು ಯೋಚಿಸಿ: ಎದುರಿನಿಂದ ಹೆಡ್‌ಲೈಟು, ಪಕ್ಕದಲ್ಲಿ ಆನೆ ಇದ್ದರೂ ಕಾಣುವುದಿಲ್ಲ. ಬಸ್ಸಿನಲ್ಲಿ ಹೋಗಿ, ಮನೆಯವರನ್ನೋ ಗೆಳೆಯರನ್ನೋ ಜೊತೆಗೆ ಕರೆದುಕೊಳ್ಳಿ. ತಂಪು ಕನ್ನಡಕ ಚೀಲದಲ್ಲಿರಲಿ. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ತಪಾಸಣೆಗೇ ಅರ್ಧ ದಿನ ಹೋಗಬಹುದು.

ಹಳೆಯ ಕನ್ನಡಕದ ಚೀಟಿಗಳನ್ನೆಲ್ಲ ಹುಡುಕಿ ತೆಗೆದುಕೊಂಡು ಹೋಗಿ. ಕನಿಷ್ಠ ಒಂದು ವರ್ಷದಿಂದ ಪವರ್ ಹೆಚ್ಚುಕಮ್ಮಿ ಒಂದೇ ಇದೆಯಾ ಎಂದು ವೈದ್ಯರು ನೋಡಬೇಕಾಗುತ್ತದೆ.

ಇನ್ನು ಮುಖ್ಯವಾದ ಮಾತು. ಇದು ಆಪರೇಷನ್ನಿಗೆ ಮುಂಚಿನ ಶಾಸ್ತ್ರವಲ್ಲ, 'ನಿಮಗೆ ಇದು ಬೇಡ' ಎಂದು ಹೇಳಿಸಿಕೊಳ್ಳುವ ಸಾಧ್ಯತೆಯೂ ಇರುವ ಜಾಗ. ಕಾರ್ನಿಯಾದ ದಪ್ಪ ಸರಾಸರಿ 540 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರುತ್ತದೆ. ಲೇಸಿಕ್‌ನಲ್ಲಿ ಮೇಲಿನ ಸುಮಾರು 110 ಮೈಕ್ರಾನ್ ಪದರವನ್ನು ಬಿಡಿಸಿ ಮಡಚುತ್ತಾರೆ, ಅದನ್ನೇ ಫ್ಲ್ಯಾಪ್ ಎನ್ನುವುದು. ಅದರ ಕೆಳಗೆ ನಿಮ್ಮ ಪವರಿಗೆ ಅಂದಾಜು 65ರಿಂದ 80 ಮೈಕ್ರಾನ್ ಕರಗಿಸಬೇಕಾಗುತ್ತದೆ. ಉಳಿಯುವ ತಳ 250ಕ್ಕಿಂತ ಕಮ್ಮಿಯಾಗಬಾರದು, ಎಷ್ಟೋ ವೈದ್ಯರು 300 ಇರಲಿ ಎನ್ನುತ್ತಾರೆ. ಸರಾಸರಿ ದಪ್ಪ ಇದ್ದರೆ ನಿಮಗೆ ತೊಂದರೆಯಿಲ್ಲ. ನನ್ನದು 490, ಪವರ್ ಮೈನಸ್ 8. ಕಳೆದು ನೋಡಿದರೆ ಉಳಿಯುವುದು 280ರ ಆಸುಪಾಸು. ವೈದ್ಯರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿ, ಲೇಸಿಕ್ ಬೇಡ, ಬೇಕಿದ್ದರೆ ಕಣ್ಣೊಳಗೆ ಕೂರಿಸುವ ಲೆನ್ಸಿನ ಬಗ್ಗೆ ನಿಧಾನವಾಗಿ ಯೋಚಿಸಿ ಎಂದರು. ಬೇಸರವಾಯಿತು ನಿಜ. ಆದರೆ ಕಾರ್ನಿಯಾ ಬಲ ಕಳೆದುಕೊಂಡು ಮುಂದಕ್ಕೆ ಉಬ್ಬಿದರೆ ಏನಾಗುತ್ತದೆ ಎಂದು ತಿಳಿದ ಮೇಲೆ, ಹಾಗೆ ನೇರವಾಗಿ ಹೇಳಿದ ಆ ವೈದ್ಯರ ಬಗ್ಗೆ ತುಂಬಾ ಗೌರವ ಬಂತು. ದಪ್ಪ ಸರಿಯಿದ್ದರೂ ಕಾರ್ನಿಯಾ ಒಂದು ಕಡೆ ಮೊನಚಾಗುವ ಕೆರಟೋಕೋನಸ್ ಇದ್ದರೆ ಲೇಸಿಕ್ ಮಾಡುವುದಿಲ್ಲ. ಅದನ್ನು ಕಂಡುಹಿಡಿಯುವುದು ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಟೋಪೋಗ್ರಫಿ ಸ್ಕ್ಯಾನ್. ನೋವಿಲ್ಲ, ಕದಲದೆ ಕೂತರೆ ಸಾಕು.

ಕೇಳದಿದ್ದರೂ ನೀವಾಗಿಯೇ ಹೇಳಬೇಕಾದವು ಕೆಲವು. ಅಲರ್ಜಿಗೆ ಕಣ್ಣು ಉಜ್ಜುವ ಅಭ್ಯಾಸ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್, ಸಕ್ಕರೆ ಕಾಯಿಲೆ, ಸಂಧಿವಾತ, ಹಿಂದೆ ಕಣ್ಣಿಗೆ ಹರ್ಪಿಸ್ ವೈರಸ್ ಸೋಂಕು ಆಗಿದ್ದರೆ ಅದು. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಅದು ಕಣ್ಣನ್ನು ಒಣಗಿಸುತ್ತದೆ. ಕಣ್ಣು ಒಣಗಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಕೊಟ್ಟು ಆಮೇಲೆ ಮತ್ತೆ ಅಳೆಯುತ್ತಾರೆ. ಕಣ್ಣೀರಿನ ಪರೀಕ್ಷೆಗೆ ಕೆಳರೆಪ್ಪೆಯಲ್ಲಿ 5 ನಿಮಿಷ ಕಾಗದದ ಪಟ್ಟಿ ಇಡುತ್ತಾರೆ, ಸ್ವಲ್ಪ ಚುಚ್ಚಿದಂತೆ ಆಗುತ್ತದೆ ಅಷ್ಟೇ.

ಹಾಕಿ ಆಡುತ್ತೀರಿ, ತೋಟದಲ್ಲಿ ಮರ ಕಪಾತು ಕೆಲಸಕ್ಕೂ ಇಳಿಯುತ್ತೀರಿ ಎಂದು ಬರೆದಿದ್ದೀರಲ್ಲ, ಅದನ್ನೂ ವೈದ್ಯರಿಗೆ ಹೇಳಲೇಬೇಕು. ಸ್ಟಿಕ್ಕೋ ಕೊಂಬೆಯೋ ಜೋರಾಗಿ ತಾಗಿದರೆ ಲೇಸಿಕ್‌ನ ಫ್ಲ್ಯಾಪ್ ಜಾರುವ ಅಪಾಯ ಇದೆ. ಅಂಥವರಿಗೆ ಫ್ಲ್ಯಾಪ್ ಇಲ್ಲದ ಪಿಆರ್‌ಕೆ ಅಥವಾ ಸ್ಮೈಲ್ ಎಂಬ ಲೇಸರ್ ವಿಧಾನ ಹೊಂದಬಹುದು. ಪಿಆರ್‌ಕೆಯಲ್ಲಿ ಮೊದಲ ಕೆಲವು ದಿನ ನೋವು ಹೆಚ್ಚು, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಯಾವುದೇ ಆದರೂ ಕಾಫಿ ಕೊಯ್ಲು ಮುಗಿದು ಕಣದ ಧೂಳು ಕಮ್ಮಿಯಾದ ಮೇಲೆ ದಿನ ಇಟ್ಟುಕೊಳ್ಳಿ. ಸ್ಕ್ಯಾನ್ ರಿಪೋರ್ಟಿನ ಪ್ರತಿ ಕೇಳಿ ತೆಗೆದುಕೊಳ್ಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕೆನಿಸಿದರೆ ಅದು ಕೈಯಲ್ಲಿರಬೇಕು.